ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ: ತುಟಿ ಫಿಲ್ಲರ್‌ನ ಒಂದು ಪ್ರಕರಣ

ರೋಗಿಗೆ 26 ವರ್ಷ. ಊರು ಮೈಸೂರು, ಕೆಲಸ ಬೆಂಗಳೂರಿನಲ್ಲಿ, ಮದುವೆಗೆ ಉಳಿದಿದ್ದು ಮೂರು ವಾರ. ಸೋಮವಾರ ಬೆಳಿಗ್ಗೆ ಕ್ಲಿನಿಕ್ ಬಾಗಿಲು ತೆರೆಯುವ ಹೊತ್ತಿಗೆ ತಾಯಿಯ ಜೊತೆ ಬಂದು ಕುಳಿತಿದ್ದರು. ಮಗಳು ಮಾಸ್ಕ್ ತೆಗೆಯುವ ಮೊದಲೇ ತಾಯಿ ಮಾತು ಶುರು ಮಾಡಿದರು: “ಪಿಜಿಯಲ್ಲಿ ಇರುವುದು ಮೇಡಂ, ಮಲಗಿದ್ದಾಗ ಯಾವುದೋ ಹುಳ ಹರಿದಿದೆ. ಪತ್ರಿಕೆ ಹಂಚಿ ಆಗಿದೆ. ಏನಾದರೂ ಮಾಡಿ.” ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ, ಕಾಯಿಲೆಯ ವಿವರಗಳನ್ನು ಬದಲಿಸಿಲ್ಲ.

ಮಾಸ್ಕ್ ತೆಗೆದಾಗ ಕಂಡಿದ್ದು ಹುಳ ಹರಿದ ಗುರುತಲ್ಲ. ಎರಡೂ ತುಟಿ ಊದಿದ್ದವು, ಆದರೆ ಊತದ ಮಾತು ಬೇರೆ. ಮೇಲ್ದುಟಿಯ ಎಡಭಾಗ ನೇರಳೆಗೆ ತಿರುಗಿತ್ತು. ಆ ಬಣ್ಣ ಒಂದೇ ಸಮನಾಗಿ ಹರಡಿರಲಿಲ್ಲ. ಮೀನಿನ ಬಲೆಯ ಹಾಗೆ ಕಣ್ಣುಕಣ್ಣಾಗಿ ತುಟಿಯಂಚನ್ನು ದಾಟಿ, ಮೂಗಿನ ಕೆಳಗಿನ ಗುಂಡಿಯ ಪಕ್ಕದಲ್ಲಿ ಮೇಲೇರಿ, ಎಡ ಹೊಳ್ಳೆಯ ಬುಡದವರೆಗೆ ಹೋಗಿತ್ತು. ಅದರ ಮೇಲೆ ಸಾಸಿವೆ ಗಾತ್ರದ ನಾಲ್ಕೈದು ಬಿಳಿ ಗುಳ್ಳೆಗಳು. ಬೆರಳಿನಿಂದ ಬಲ ತುಟಿಯನ್ನು ಒತ್ತಿ ಬಿಟ್ಟೆ, ಬಿಳಿಚಿದ ಜಾಗಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪು ಮರಳಿತು. ಎಡಗಡೆ ಒತ್ತಿ ಬಿಟ್ಟೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದ ಮೇಲೆ ಅಂಚಿನಿಂದ ಮೆಲ್ಲಗೆ ಬಣ್ಣ ಬರತೊಡಗಿತು.

ಫೈಲ್ ಮಾಡಿಸುವ ನೆಪದಲ್ಲಿ ತಾಯಿಯನ್ನು ಕೌಂಟರಿಗೆ ಕಳುಹಿಸಿ ಬಾಗಿಲು ಹಾಕಿಸಿದೆ. “ಯಾವಾಗ ಹಾಕಿಸಿಕೊಂಡೆಯಮ್ಮಾ?” ಎಂದಾಗ ಆಕೆ ಬಾಗಿಲಿನ ಕಡೆ ನೋಡಿ, “ಶನಿವಾರ ಸಂಜೆ ಐದಕ್ಕೆ. ಅಮ್ಮನಿಗೆ ಗೊತ್ತಿಲ್ಲ” ಎಂದರು.

ಅಂದರೆ ಸೂಜಿ ಚುಚ್ಚಿ 40 ಗಂಟೆ ಕಳೆದಿತ್ತು. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದು ಆ 40 ಗಂಟೆಗಾಗಿಯೇ. ಫಿಲ್ಲರ್, ಅಂದರೆ ತುಟಿಯನ್ನು ತುಂಬಿಸಲು ಚುಚ್ಚುವ ಪದಾರ್ಥ, ರಕ್ತನಾಳಕ್ಕೆ ಹೊಕ್ಕುವುದು ನುರಿತ ವೈದ್ಯರ ಕೈಯಲ್ಲೂ ಒಮ್ಮೊಮ್ಮೆ ಆಗಬಹುದಾದ ಅವಘಡ. ಅದು ಗೊತ್ತಾದ ಮೇಲೂ ಹೊತ್ತು ಕಳೆಯುವುದನ್ನು ಮಾತ್ರ ಅವಘಡದ ಲೆಕ್ಕಕ್ಕೆ ಸೇರಿಸಲಾಗದು.

ಆಕೆ ಹೋಗಿದ್ದು ಕೂದಲು ಸ್ಟ್ರೇಟ್ ಮಾಡಿಸುತ್ತಿದ್ದ ಸಲೂನ್‌ಗೆ. ವಧುವಿನ ಪ್ಯಾಕೇಜ್‌ನಲ್ಲಿ ಫೇಶಿಯಲ್, ಹೇರ್ ಸ್ಪಾಗಳ ಸಾಲಿನಲ್ಲೇ ತುಟಿ ಫಿಲ್ಲರ್ ಕೂಡ ಇತ್ತು, 9,999 ರೂಪಾಯಿಗೆ. ಚರ್ಮರೋಗ ತಜ್ಞರ ಬಳಿ ಒಂದು ಒಳ್ಳೆಯ ಸಿರಿಂಜಿನ ಖರ್ಚು ಸಾಮಾನ್ಯವಾಗಿ ಇದರ ಎರಡು ಮೂರು ಪಟ್ಟು. ಹಾಗಾಗಿ ಈ ದರ ಕಂಡಾಗಲೇ ಅನುಮಾನ ಬರಬೇಕು: ಸರಕು ನಕಲಿಯೋ, ಅವಧಿ ಮೀರಿದ್ದೋ, ಇಲ್ಲವೇ ಒಂದೇ ಸಿರಿಂಜನ್ನು ಇಬ್ಬರಿಗೆ ಹಂಚುತ್ತಿದ್ದಾರೋ ಎಂದು. ಕೊನೆಯದು ಕೇಳಲು ಅಸಹ್ಯ, ಆದರೆ ನಡೆಯುತ್ತದೆ. ಒಬ್ಬರ ತುಟಿಗೆ ಚುಚ್ಚಿದ ಸಿರಿಂಜಿನ ಸೂಜಿ ಬದಲಿಸಿ ಇನ್ನೊಬ್ಬರಿಗೆ ಬಳಸಿದರೂ ಹೆಪಟೈಟಿಸ್, ಎಚ್‌ಐವಿಯಂಥ ಸೋಂಕು ದಾಟಬಹುದು.

ಚುಚ್ಚಿದವರನ್ನು ಸಲೂನಿನವರೆಲ್ಲ ‘ಡಾಕ್ಟರ್’ ಎಂದೇ ಕರೆಯುತ್ತಿದ್ದರಂತೆ. ವಾರಕ್ಕೊಮ್ಮೆ ಬಂದು ಹೋಗುವವರು. ಪದವಿ ಏನು, ನೋಂದಣಿ ಸಂಖ್ಯೆ ಏನು ಎಂದು ಈಕೆ ಕೇಳಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂಬ ಸಂಕೋಚ ನಮ್ಮಲ್ಲಿ ಬಹಳ. ಮನೆಗೆ ಗ್ಯಾಸ್ ಸಿಲಿಂಡರ್ ಬಂದರೆ ತೂಕ, ಸೀಲು ನೋಡಿ ಒಳಗಿಡಿಸಿಕೊಳ್ಳುವವರೂ ಮುಖಕ್ಕೆ ಸೂಜಿ ಹಿಡಿದವರನ್ನು ಏನೂ ಕೇಳುವುದಿಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತ ವೈದ್ಯರಿಗೆ ಒಂದು ಸಂಖ್ಯೆ ಇರುತ್ತದೆ, ಅದನ್ನು ಬೋರ್ಡು, ಚೀಟಿಗಳ ಮೇಲೆ ಹಾಕಿಕೊಂಡಿರುತ್ತಾರೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಎಲ್ಲರೂ ಕೆಪಿಎಂಇ ಎನ್ನುವ ಕಾಯ್ದೆಯಡಿ, ಕ್ಲಿನಿಕ್ ನಡೆಸಲು ನೋಂದಣಿ ಬೇಕು. ಅದರ ಪ್ರಮಾಣಪತ್ರ ಕಣ್ಣಿಗೆ ಕಾಣುವಂತೆ ತೂಗುಹಾಕಿರಬೇಕು. ಈ ಸಲೂನಿನ ಗೋಡೆಯಲ್ಲಿದ್ದದ್ದು ಮೇಕಪ್ ಕೋರ್ಸಿನ ಸರ್ಟಿಫಿಕೇಟುಗಳು.

ಚಿಕಿತ್ಸೆ ಶುರು ಮಾಡುವ ಮುನ್ನ ನನಗೆ ತಿಳಿಯಬೇಕಿದ್ದದ್ದು ಒಂದೇ: ಚುಚ್ಚಿದ್ದು ಏನು? ತುಟಿಗೆ ಇಂದು ಬಳಸಬೇಕಾದದ್ದು ಹಯಲುರಾನಿಕ್ ಆಮ್ಲದ ಜೆಲ್. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಹಸುವಿನ ಕಣ್ಣಿನೊಳಗಿನ ದ್ರವದಿಂದ ಮೊದಲು ಬೇರ್ಪಡಿಸಿದ ಪದಾರ್ಥ ಅದು. ನಮ್ಮ ಚರ್ಮ, ಕೀಲುಗಳಲ್ಲೂ ಸಹಜವಾಗಿ ಇದೆ. ನೀರನ್ನು ಹಿಡಿದಿಡುವುದು ಅದರ ಗುಣ. ಹಾಗೆಯೇ ಚುಚ್ಚಿದರೆ ದೇಹ ಅದನ್ನು ಕೆಲವೇ ದಿನಗಳಲ್ಲಿ ಕರಗಿಸಿಬಿಡುತ್ತದೆ. ಆದ್ದರಿಂದ ಅದರ ಎಳೆಗಳನ್ನು ರಾಸಾಯನಿಕವಾಗಿ ಒಂದಕ್ಕೊಂದು ಹೆಣೆದು ಜೆಲ್ ಮಾಡುತ್ತಾರೆ. ಆಗ ತುಟಿಯಲ್ಲಿ ಆರು ತಿಂಗಳಿಂದ ಒಂದು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಬಗೆಯ ಫಿಲ್ಲರ್‌ಗೆ 2003ರಲ್ಲಿ ಮುಖದ ಗೆರೆಗಳಿಗೆಂದು, 2011ರಲ್ಲಿ ತುಟಿಗೆಂದು ಒಪ್ಪಿಗೆ ಕೊಟ್ಟಿತು; ತುಟಿಯ ವಿಷಯದಲ್ಲಿ 21 ವರ್ಷ ದಾಟಿದವರಿಗೆ ಮಾತ್ರ.

ಈ ಜೆಲ್‌ನ ದೊಡ್ಡ ಅನುಕೂಲ ಅಂದಚಂದದ್ದಲ್ಲ. ಇದನ್ನು ಕರಗಿಸುವ ಮದ್ದು ಇದೆ. ಹಯಲುರಾನಿಡೇಸ್ ಎಂಬ ಕಿಣ್ವ ಚುಚ್ಚಿದರೆ ಹೆಣೆದ ಎಳೆಗಳು ಕತ್ತರಿಸಿಹೋಗಿ ಜೆಲ್ ನೀರಾಗುತ್ತದೆ. ಸಿಲಿಕೋನ್ ಅಥವಾ ಬೇರೆ ಶಾಶ್ವತ ಫಿಲ್ಲರ್ ಆಗಿದ್ದರೆ ಕರಗಿಸಲು ಏನೂ ಇಲ್ಲ. ಒಮ್ಮೆ ಹಾಕಿಸಿಕೊಂಡರೆ ಸದಾಕಾಲ ಇರುತ್ತದೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಎದ್ದು ಬರುವುದೇ ಸರಿ.

ಈಕೆಗೆ ಬ್ರ್ಯಾಂಡ್ ಗೊತ್ತಿರಲಿಲ್ಲ, ಸಲೂನ್ ಫೋನ್ ಎತ್ತಲಿಲ್ಲ. ಗೊತ್ತಾಗದಿದ್ದರೂ ಕಿಣ್ವ ಚುಚ್ಚಿ ನೋಡುವುದೆಂದು ತೀರ್ಮಾನಿಸಿದ್ದೆ. ಅಷ್ಟರಲ್ಲಿ ಆಕೆಗೆ ನೆನಪಾಯಿತು: “ಮೇಡಂ, ಅವರು ರೀಲ್ ಮಾಡಿ ನನಗೂ ಕಳುಹಿಸಿದ್ದಾರೆ.”

ಅರ್ಧ ನಿಮಿಷದ ವಿಡಿಯೊ, ಹಿನ್ನೆಲೆಯಲ್ಲಿ ಸಂಗೀತ. ಆರಂಭದಲ್ಲೇ ಪೆಟ್ಟಿಗೆಯನ್ನು ಕ್ಯಾಮೆರಾಗೆ ಹಿಡಿದು ತೋರಿಸುತ್ತಾರೆ. ನಿಲ್ಲಿಸಿ ಹಿಗ್ಗಿಸಿದಾಗ ಹಯಲುರಾನಿಕ್ ಆಮ್ಲ, 1 ಎಂಎಲ್, ಲಿಡೋಕೇನ್ (ಮರಗಟ್ಟಿಸುವ ಮದ್ದು) ಸಹಿತ ಎಂಬುದು ಓದಲು ಸಿಕ್ಕಿತು. ಭಾರತದಲ್ಲಿ ಮಾರುವ ವಿದೇಶಿ ಫಿಲ್ಲರ್ ಪೆಟ್ಟಿಗೆಯ ಮೇಲೆ ಇರಲೇಬೇಕಾದ ಆಮದುದಾರರ ಹೆಸರು, ಆಮದು ಪರವಾನಗಿ ಸಂಖ್ಯೆಗಳ ಚೀಟಿ ಎಲ್ಲಿಯೂ ಕಾಣಲಿಲ್ಲ. ಮುಂದೆ ನೋಡುತ್ತ ಹೋದಂತೆ ಪೆಟ್ಟಿಗೆಗಿಂತ ಮುಖ್ಯವಾದದ್ದು ಸಿಕ್ಕಿತು. ಮೇಲ್ದುಟಿಯ ಎಡಭಾಗಕ್ಕೆ ಸೂಜಿ ಇಳಿಸಿ ಒತ್ತುತ್ತಿರುವಾಗ ಸೂಜಿಯ ಸುತ್ತ ಮಾತ್ರವಲ್ಲ, ತುಟಿಯಿಂದ ಮೂಗಿನ ಬುಡದ ಕಡೆಗೆ ಒಂದು ಬಿಳಿ ಪಟ್ಟೆ ಓಡುತ್ತದೆ. ಎರಡು ಮೂರು ಸೆಕೆಂಡು ಇದ್ದು ಮಸುಕಾಗುತ್ತದೆ. ಚುಚ್ಚುವ ಕೈ ನಿಲ್ಲುವುದಿಲ್ಲ. ಹಿಂದಿನಿಂದ ಒಂದು ಧ್ವನಿ “ಸ್ಮೈಲ್ ಮಾಡಿ” ಎನ್ನುತ್ತದೆ.

ರಕ್ತ ಹರಿಯುವುದು ನಿಂತಿದೆ ಎನ್ನಲು ಆ ಬಿಳಿ ಪಟ್ಟೆಯೇ ಮೊದಲ ಎಚ್ಚರಿಕೆ. ಕೆನ್ನೆಯ ಮೇಲೆ ಹಾದುಬರುವ ಮುಖದ ಧಮನಿಯಿಂದ ಬಾಯಿಯ ಮೂಲೆಯ ಹತ್ತಿರ ಎರಡು ಕವಲು ಒಡೆದು ಒಂದು ಮೇಲ್ದುಟಿಗೆ, ಇನ್ನೊಂದು ಕೆಳದುಟಿಗೆ ಹೋಗುತ್ತದೆ. ಹೆಚ್ಚಿನವರಲ್ಲಿ ಅವು ಹರಿಯುವುದು ತುಟಿಯ ಒಳಮೈಯ ತೇವದ ಪೊರೆಗೂ ಸ್ನಾಯುವಿಗೂ ನಡುವೆ, ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಆಳದಲ್ಲಿ. ಆದರೆ ಎಲ್ಲರಲ್ಲೂ ಹಾಗಲ್ಲ. ಕೆಲವರಲ್ಲಿ ಸ್ನಾಯುವಿನೊಳಗೆ, ಅಪರೂಪಕ್ಕೆ ಚರ್ಮದ ಕೆಳಗೇ ಇರುತ್ತವೆ. ಆದ್ದರಿಂದಲೇ ಆಳಕ್ಕೆ ಹೋಗದೆ, ಚೂರುಚೂರೇ ಜೆಲ್ ಅನ್ನು ನಿಧಾನವಾಗಿ ಬಿಡಬೇಕು. ಸೂಜಿಯ ಬದಲು ಮೊಂಡು ತುದಿಯ ಸಣ್ಣ ಕೊಳವೆ, ಅಂದರೆ ಕ್ಯಾನುಲಾ ಬಳಸಿದರೆ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮೇಲ್ದುಟಿಯ ಧಮನಿಯ ಸಣ್ಣ ಕವಲುಗಳು ಮೂಗಿನ ತುದಿಗೂ ಹೊಳ್ಳೆಗಳಿಗೂ ರಕ್ತ ಒಯ್ಯುತ್ತವೆ. ಕಾಲುವೆಯ ತಲೆಯಲ್ಲಿ ಮಣ್ಣು ಕುಸಿದರೆ ಒಣಗುವುದು ಕೊನೆಯ ಗದ್ದೆ. ಹಾಗೆ ತುಟಿಗೆ ಚುಚ್ಚಿದ್ದರ ಫಲ ಈಕೆಯ ಹೊಳ್ಳೆಯ ಬುಡದಲ್ಲಿ ಕಂಡಿತು. ಮೂಗಿನ ಪಕ್ಕದ ನಾಳಗಳಿಗೆ ಕಣ್ಣಿನ ನಾಳಗಳೊಂದಿಗೂ ಸಂಪರ್ಕವಿದೆ. ಫಿಲ್ಲರ್‌ನಿಂದ ದೃಷ್ಟಿ ಹೋದ ಪ್ರಕರಣಗಳು ಬಹಳ ವಿರಳ, ಹೆಚ್ಚಾಗಿ ಮೂಗಿಗೆ ಇಲ್ಲವೇ ಎರಡು ಹುಬ್ಬುಗಳ ನಡುವಿನ ಜಾಗಕ್ಕೆ ಚುಚ್ಚಿದಾಗ ಆದಂಥವು, ಆದರೂ ನಾನು ಮೊದಲು ಕೇಳಿದ್ದು ಕಣ್ಣು ಮಂಜಾಗಿದೆಯೇ, ಎರಡೆರಡಾಗಿ ಕಾಣುತ್ತಿದೆಯೇ ಎಂದೇ. ಇಲ್ಲ ಎಂದರು.

ಇನ್ನು ಆ 40 ಗಂಟೆಗಳ ಲೆಕ್ಕ.

ಶನಿವಾರ ರಾತ್ರಿ ನೋವೇ ಇರಲಿಲ್ಲ. ಹಲ್ಲು ಕೀಳುವಾಗ ಕೊಡುವಂಥ ಮರಗಟ್ಟಿಸುವ ಚುಚ್ಚುಮದ್ದನ್ನು ಒಸಡಿನ ಮೇಲೆ ಕೊಟ್ಟಿದ್ದರು, ಜೆಲ್‌ನಲ್ಲೂ ಲಿಡೋಕೇನ್ ಇತ್ತು. ನೋವಿಲ್ಲದ ಚಿಕಿತ್ಸೆ ಎಂದು ಜಾಹೀರಾತು ಕೊಡಲು ಇದು ಅನುಕೂಲ. ರಕ್ತ ನಿಂತ ಜಾಗ ನೋವಿನ ಮೂಲಕ ಹೇಳಬೇಕಾದ ಮಾತನ್ನು ಇದೇ ಕೆಲವು ಗಂಟೆ ಅಡಗಿಸುತ್ತದೆ. ನಡುರಾತ್ರಿ ದಾಟಿದ ಮೇಲೆ ಸುಡುವಂಥ ನೋವಿನಿಂದ ಎಚ್ಚರವಾಯಿತು. ಭಾನುವಾರ ಬೆಳಿಗ್ಗೆ ಕನ್ನಡಿಯಲ್ಲಿ ನೇರಳೆ ಬಣ್ಣ ಕಂಡು ಫೋಟೊ ಕಳುಹಿಸಿದರು. ಸಲೂನಿನಿಂದ ಬಂದ ಉತ್ತರವನ್ನು ನಾನೇ ಓದಿದೆ: ಇದು ನಾರ್ಮಲ್, ರಕ್ತ ಹೆಪ್ಪುಗಟ್ಟಿದೆ ಅಷ್ಟೆ, ಐಸ್ ಇಡಿ. ಆಕೆ ದಿನವಿಡೀ ಐಸ್ ಇಟ್ಟರು. ಮಾಮೂಲಿ ಊತಕ್ಕೆ ಐಸ್ ಒಳ್ಳೆಯದೇ. ರಕ್ತ ಹರಿಯದೆ ಒದ್ದಾಡುತ್ತಿರುವ ಜಾಗಕ್ಕೆ ಐಸ್ ಇಟ್ಟರೆ ಉಳಿದಿರುವ ಸಣ್ಣ ನಾಳಗಳೂ ಮುದುಡುತ್ತವೆ. ಅಲ್ಲಿ ಬೇಕಿರುವುದು ಬೆಚ್ಚಗಿನ ಶಾಖ.

ಭಾನುವಾರ ಮಧ್ಯಾಹ್ನ ಗುಳ್ಳೆಗಳು ಎದ್ದವು. ಪಿಜಿಯ ಹತ್ತಿರದ ಔಷಧ ಅಂಗಡಿಯವರು ಜ್ವರಗುಳ್ಳೆ ಎಂದು ಮುಲಾಮು ಕೊಟ್ಟರು. ಅವರನ್ನು ದೂರಲಾರೆ. ಫಿಲ್ಲರ್ ವಿಷಯ ಈಕೆ ಬಾಯಿಬಿಡಲಿಲ್ಲ, ಮತ್ತು ತುಟಿಗೆ ಸೂಜಿ ಚುಚ್ಚಿದ ಮೇಲೆ ಹಳೆಯ ಹರ್ಪಿಸ್ ವೈರಸ್ ಎದ್ದು ನಿಜವಾದ ಜ್ವರಗುಳ್ಳೆ ಬರುವುದೂ ಉಂಟು. ಅದಕ್ಕೇ ಹಿಂದೆ ಪದೇಪದೇ ಜ್ವರಗುಳ್ಳೆ ಎದ್ದವರಿಗೆ ಫಿಲ್ಲರ್‌ಗೆ ಮುಂಚೆಯೇ ಮಾತ್ರೆ ಶುರು ಮಾಡುತ್ತೇವೆ. ಆದರೆ ಬಲೆಯಂಥ ನೇರಳೆ, ಒತ್ತಿ ಬಿಟ್ಟರೆ ತಡವಾಗಿ ಮರಳುವ ಬಣ್ಣ, ಎರಡನೆಯ ಮೂರನೆಯ ದಿನ ಏಳುವ ಬಿಳಿ ಗುಳ್ಳೆ, ಇವು ಮೂರೂ ಕೂಡಿ ಬಂದರೆ ಅದು ವೈರಸ್ ಅಲ್ಲ, ಚರ್ಮ ಸಾಯತೊಡಗಿದೆ ಎಂದರ್ಥ. ಬರೀ ರಕ್ತ ಹೆಪ್ಪುಗಟ್ಟಿದ್ದರೆ ಕಲೆ ಸೂಜಿ ತಾಕಿದ ಸುತ್ತಮುತ್ತ ಇರುತ್ತದೆ, ದಿನದಿಂದ ದಿನಕ್ಕೆ ನೋವು ಇಳಿಯುತ್ತದೆ.

ಭಾನುವಾರ ರಾತ್ರಿ ಆಕೆ ಬಸ್ ಹತ್ತಿ ಮೈಸೂರಿಗೆ ಬಂದರು. ಬೆಂಗಳೂರಿನಲ್ಲೇ ಯಾವುದಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಏಕೆ ಹೋಗಲಿಲ್ಲ ಎಂದರೆ, “ಚಂದ ಮಾಡಿಸಿಕೊಳ್ಳಲು ಹೋಗಿ ಹೀಗಾಯಿತು ಎಂದು ಹೇಗೆ ಹೇಳುವುದು ಮೇಡಂ?” ಎಂದರು. ಈ ನಾಚಿಕೆಯನ್ನು ನಾನು ಮದುಮಕ್ಕಳಲ್ಲಿ ಬಹಳ ನೋಡಿದ್ದೇನೆ. ಹುಬ್ಬು ತಿದ್ದಿಸುವುದು, ಕೂದಲಿಗೆ ಬಣ್ಣ ಹಚ್ಚುವುದು ಎಲ್ಲರ ಎದುರಿಗೆ ನಡೆಯುತ್ತದೆ. ಸೂಜಿಯ ಮಾತು ಬಂದರೆ ಮಾತ್ರ ಗುಟ್ಟು. ಗುಟ್ಟು ಕಾಪಾಡುವವರೆಂದು ಹುಡುಕಿ ಹೋಗುವ ಜಾಗ ಸಹಜವಾಗಿಯೇ ಬೋರ್ಡಿಲ್ಲದ, ಬಿಲ್ಲಿಲ್ಲದ ಜಾಗವಾಗಿರುತ್ತದೆ.

ಚಿಕಿತ್ಸೆಯ ಭಾಗವನ್ನು ಬೇಗ ಹೇಳಿಬಿಡುತ್ತೇನೆ. ಜೇನುನೊಣ ಕಚ್ಚಿ ಹಿಂದೆಂದಾದರೂ ಮೈಯೆಲ್ಲ ಊದಿದೆಯೇ ಎಂದು ಕೇಳಿದೆ, ಏಕೆಂದರೆ ಅದರ ವಿಷದಲ್ಲೂ ಇದೇ ಜಾತಿಯ ಕಿಣ್ವವಿದೆ, ಅಲರ್ಜಿಯಾದೀತು. ಇಲ್ಲವೆಂದರು. ಅಲರ್ಜಿ ಜೋರಾದರೆ ಕೊಡುವ ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು 1500 ಯೂನಿಟ್‌ನ ಒಂದು ವಯಲ್ (ಮದ್ದಿನ ಸಣ್ಣ ಸೀಸೆ) ಹಯಲುರಾನಿಡೇಸನ್ನು ಸಲೈನ್‌ನಲ್ಲಿ ಕರಗಿಸಿ ತುಟಿಯಿಂದ ಹೊಳ್ಳೆಯವರೆಗೆ, ನೇರಳೆ ಕಂಡಲ್ಲೆಲ್ಲ ಚುಚ್ಚಿದೆ. ಜೆಲ್ ಇರುವ ಒಂದು ಬಿಂದುವಿಗೆ ಚುಚ್ಚಿದರೆ ಸಾಲದು. ರಕ್ತ ನಿಂತ ಇಡೀ ಪ್ರದೇಶ ತೋಯಬೇಕು. ತಿಕ್ಕಿ, ಬಿಸಿ ಬಟ್ಟೆಯ ಶಾಖ ಕೊಟ್ಟು, ಆಸ್ಪಿರಿನ್ ಮಾತ್ರೆ ಕೊಟ್ಟು ಒಂದು ಗಂಟೆ ಕಾದೆವು. ಬಣ್ಣ ಸ್ವಲ್ಪ ತಿಳಿಯಾಗಿತ್ತು, ಒತ್ತಿ ಬಿಟ್ಟರೆ ಇನ್ನೂ ನಿಧಾನ. ಎರಡನೆಯ ಸುತ್ತು. ಮೂರನೆಯ ಸುತ್ತಿಗೆ ನನ್ನಲ್ಲಿದ್ದ ವಯಲ್‌ಗಳು ಮುಗಿದಿದ್ದರಿಂದ ಅದೇ ರಸ್ತೆಯ ಕಣ್ಣಿನ ಆಸ್ಪತ್ರೆಯಿಂದ ತರಿಸಿದೆ. ಪೊರೆ ಶಸ್ತ್ರಚಿಕಿತ್ಸೆಗೆ ಕಣ್ಣು ಮರಗಟ್ಟಿಸುವ ಔಷಧದೊಂದಿಗೆ ಇದನ್ನು ಬೆರೆಸುತ್ತಾರಾದ್ದರಿಂದ ಅವರ ಫ್ರಿಜ್‌ನಲ್ಲಿ ಸದಾ ಇರುತ್ತದೆ. ವಯಲ್‌ನ ಬೆಲೆ ಫಿಲ್ಲರ್ ಸಿರಿಂಜಿಗೆ ಹೋಲಿಸಿದರೆ ಏನೇನೂ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಎಡ ತುಟಿಯಲ್ಲೂ ಬಣ್ಣ ಎರಡು ಸೆಕೆಂಡಿನೊಳಗೆ ಮರಳತೊಡಗಿತು.

ಎರಡನೆಯ ಮತ್ತು ಮೂರನೆಯ ಸುತ್ತಿನ ನಡುವೆ ಆಕೆ ತಾಯಿಯನ್ನು ಒಳಗೆ ಕರೆಸಿ ತಾವೇ ಹೇಳಿದರು. ತಾಯಿ ಬಹಳ ಹೊತ್ತು ಸುಮ್ಮನಿದ್ದು, “ನಿನ್ನ ತುಟಿಗೆ ಏನಾಗಿತ್ತು?” ಎಂದಷ್ಟೇ ಕೇಳಿದರು. ಅದು ಬೈಗುಳವಾಗಿರಲಿಲ್ಲ, ನಿಜವಾದ ಪ್ರಶ್ನೆ. ಮಗಳ ಉತ್ತರ ಕೇಳಿ ನನಗೂ ಆಶ್ಚರ್ಯವಾಯಿತು: ತುಟಿ ತೆಳ್ಳಗಿದೆ ಎಂಬ ಕೊರಗು ಆಕೆಗೆ ಎಂದೂ ಇರಲಿಲ್ಲ. ಕಪ್ಪಗಿದೆ ಎಂಬ ಕೊರಗಿತ್ತು. ಫಿಲ್ಲರ್ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ ಎಂದು ಸಲೂನಿನವರು ಹೇಳಿದ್ದರು.

ಫಿಲ್ಲರ್ ತುಟಿಯ ಬಣ್ಣ ಬದಲಿಸುವುದಿಲ್ಲ. ಅದು ತುಂಬುತ್ತದೆ, ಅಂಚನ್ನು ಸ್ಪಷ್ಟಗೊಳಿಸುತ್ತದೆ, ಎರಡು ಬದಿಯ ವ್ಯತ್ಯಾಸವನ್ನು ಸರಿದೂಗಿಸುತ್ತದೆ, ಒಣ ಗೆರೆಗಳನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ. ನಮ್ಮ ಮೈಬಣ್ಣದವರಲ್ಲಿ ತುಟಿ ಕಂದಾಗಿರುವುದು ಸಹಜ. ಅದು ಹೆಚ್ಚಾಗಿದ್ದರೆ ತುಟಿ ನೆಕ್ಕುವ ಅಭ್ಯಾಸ, ಧೂಮಪಾನ, ಬಿಸಿಲು, ಟೂತ್‌ಪೇಸ್ಟ್ ಅಥವಾ ಲಿಪ್‌ಸ್ಟಿಕ್‌ನ ಅಲರ್ಜಿ, ರಕ್ತಹೀನತೆಗೆ ಸಂಬಂಧಿಸಿದ ಕೊರತೆಗಳು, ಇವನ್ನು ಹುಡುಕಬೇಕು. ಸೂಜಿಯ ಗಾಯವೇ ನಮ್ಮಂಥ ಚರ್ಮದಲ್ಲಿ ಹೊಸ ಕಪ್ಪು ಕಲೆ ಉಳಿಸಬಲ್ಲದು. ನನ್ನಲ್ಲಿಗೆ ತುಟಿ ಫಿಲ್ಲರ್ ಕೇಳಿಕೊಂಡು ಬರುವ ಎಷ್ಟೋ ಮಂದಿಗೆ ಬೇಕಿರುವುದು ಫಿಲ್ಲರ್ ಅಲ್ಲವೇ ಅಲ್ಲ. ರೀಲ್‌ಗಳಲ್ಲಿ ಕಾಣುವ ‘ಮುಂಚೆ’ ಮತ್ತು ‘ನಂತರ’ದ ಚಿತ್ರಗಳೂ ಬಹುಪಾಲು ಚುಚ್ಚಿದ ಕೂಡಲೇ ತೆಗೆದವು, ಅಂದರೆ ಊತದ ಚಿತ್ರಗಳು. ಊತ ಮೊದಲ ಎರಡು ಮೂರು ದಿನ ಏರಿ ನಂತರ ಇಳಿಯುತ್ತದೆ. ನಿಜವಾದ ಆಕಾರ ತಿಳಿಯಲು ಎರಡು ವಾರ ಬೇಕು. ಹಾಗಾಗಿ ಮದುವೆಗೆಂದು ಹಾಕಿಸಿಕೊಳ್ಳುವವರು ಕನಿಷ್ಠ ಒಂದೂವರೆ ಎರಡು ತಿಂಗಳ ಮೊದಲೇ ಮುಗಿಸಬೇಕು, ಅದೂ ಮೊದಲ ಸಲಕ್ಕೆ ಅರ್ಧ ಎಂಎಲ್ ಸಾಕು. ಒಂದು ಎಂಎಲ್ ಎಂದರೆ ಟೀ ಚಮಚದ ಐದನೇ ಒಂದು ಭಾಗ; ಕೇಳಲು ಇಷ್ಟೇಯೇ ಅನಿಸಿದರೂ ಭಾರತೀಯ ತುಟಿಗೆ ಒಮ್ಮೆಲೇ ಅಷ್ಟು ತುಂಬಿದರೆ ನಗು ಬದಲಾಗುತ್ತದೆ. ಗರ್ಭಿಣಿಯರು, ಹಾಲೂಡಿಸುವವರು ಹಾಕಿಸಿಕೊಳ್ಳಬಾರದು. ತುಟಿಯ ಸುತ್ತ ಮೊಡವೆಯೋ ಹುಣ್ಣೋ ಇದ್ದರೆ ಮುಂದೂಡಬೇಕು. ಹಲ್ಲಿನ ಚಿಕಿತ್ಸೆ ಬಾಕಿಯಿದ್ದರೆ ಮೊದಲು ಅದು. ಸೂಜಿಯೇ ಇಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ ‘ಹಯಲುರಾನ್ ಪೆನ್’ ಎಂಬ ಉಪಕರಣದ ಬಗ್ಗೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ಅದು ಎಷ್ಟು ಆಳಕ್ಕೆ ಹೋಗುತ್ತದೆಂಬುದು ಹಿಡಿದವರ ಹತೋಟಿಯಲ್ಲಿ ಇರುವುದಿಲ್ಲ.

ಈಕೆಗೆ ಮುಂದೆ ಏನಾಯಿತು? ಕಿಣ್ವ ಎಲ್ಲ ಜೆಲ್ಲನ್ನೂ ಕರಗಿಸಿದ್ದರಿಂದ ನಾಲ್ಕೈದು ದಿನದಲ್ಲಿ ತುಟಿ ಮೊದಲಿನ ಗಾತ್ರಕ್ಕೆ ಬಂತು. ತುಟಿಯ ಗಾಯ ಪೂರ್ತಿ ಮಾಯಿತು. ತುಟಿ ಬೇಗ ಮಾಯುವ ಅಂಗ. ಹೊಳ್ಳೆಯ ಬುಡದಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಜಾಗ ಕಪ್ಪು ಹಕ್ಕಳೆ ಕಟ್ಟಿತು. ಅದನ್ನು ಕೀಳದೆ, ತೇವ ಆರದಂತೆ ಮುಲಾಮು ಹಚ್ಚಿ ತಾನಾಗಿ ಉದುರಲು ಬಿಟ್ಟೆವು. ಮದುವೆ ನಿಗದಿಯಾದ ದಿನವೇ ನಡೆಯಿತು, ಮೇಕಪ್‌ನವರಿಗೆ ಆ ಜಾಗ ಮುಟ್ಟಬೇಡಿ ಎಂದು ಚೀಟಿ ಬರೆದುಕೊಟ್ಟಿದ್ದೆ. ನಾಲ್ಕನೆಯ ತಿಂಗಳಲ್ಲಿ ನೋಡಿದಾಗ ಸಣ್ಣ ತಗ್ಗು ಗುರುತೊಂದು ಉಳಿದಿತ್ತು, ಸುತ್ತಲಿನ ಕಪ್ಪು ತಿಳಿಯಾಗುತ್ತಿತ್ತು. ತಗ್ಗು ಹೋಗುವುದಿಲ್ಲ. ಶನಿವಾರ ರಾತ್ರಿಯೇ, ಮೊದಲ ಕೆಲವು ಗಂಟೆಗಳಲ್ಲಿ ಕಿಣ್ವ ಸಿಕ್ಕಿದ್ದರೆ ಅದೂ ಉಳಿಯುತ್ತಿರಲಿಲ್ಲ ಎಂದೇ ನನ್ನ ಅಂದಾಜು. ಇನ್ನೆರಡು ದಿನ ಮುಲಾಮು ಹಚ್ಚಿಕೊಂಡಿದ್ದರೆ ತುಟಿಯ ಅಂಚೇ ಹೋಗುತ್ತಿತ್ತು.

ಅಂದು ಆಕೆಯ ಗಂಡನೂ ಬಂದಿದ್ದರು. “ಮುಂದೆ ಎಂದಾದರೂ ಮತ್ತೆ ಹಾಕಿಸಿಕೊಳ್ಳಬಹುದೇ?” ಎಂದು ಆಕೆಯೇ ಕೇಳಿದರು. ಹಾಕಿಸಿಕೊಳ್ಳಬಹುದು, ತುಟಿ ನಿಮ್ಮದು ಎಂದೆ. ಹೋಗುವ ಜಾಗದಲ್ಲಿ ಹಯಲುರಾನಿಡೇಸ್ ವಯಲ್ ತೋರಿಸಿ ಎಂದು ಮೊದಲು ಕೇಳಿ. ಇದೆ ಎನ್ನುವುದಲ್ಲ, ತಂದು ತೋರಿಸಬೇಕು. ಚುಚ್ಚಿದವರ ಸ್ವಂತ ಮೊಬೈಲ್ ನಂಬರ್ ಪಡೆದು, ರಾತ್ರಿ ಎರಡು ಗಂಟೆಗೆ ನೋವು ಬಂದರೆ ಯಾರು ನೋಡುತ್ತಾರೆ ಎಂದು ಕೇಳಿ. ಪೆಟ್ಟಿಗೆಯನ್ನು ಎದುರಿಗೇ ಒಡೆಸಿ, ಬ್ಯಾಚ್ ಸಂಖ್ಯೆಯ ಅಂಟುಚೀಟಿಯನ್ನು ಫೈಲಿಗೆ ಹಚ್ಚಿಸಿಕೊಳ್ಳಿ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತು ಬಣ್ಣ ಒತ್ತಿ ನೋಡಿಸಿಕೊಂಡು ಏಳಿ. ಇಷ್ಟು ಕೇಳಿದರೆ ಮುಖ ಗಂಟಿಕ್ಕುವವರ ಹತ್ತಿರ ಹೋಗಬೇಡಿ ಎಂದೂ ಹೇಳಿದೆ. ಆಕೆ ನಕ್ಕು, ಸದ್ಯಕ್ಕೆ ಬೇಡ ಎಂದರು.

ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ ದೂರು ಕೊಡಲು ಅವರಿಗೆ ನಾನು ವೈದ್ಯಕೀಯ ವರದಿ ಬರೆದುಕೊಟ್ಟೆ. ತಮ್ಮಲ್ಲಿ ಯಾವ ಚುಚ್ಚುಮದ್ದನ್ನೂ ಕೊಡುವುದಿಲ್ಲ, ಈ ಗ್ರಾಹಕಿಗೆ ಮಾಡಿದ್ದು ತುಟಿಯ ಫೇಶಿಯಲ್ ಎಂದು ಸಲೂನಿನವರು ಫೋನಿನಲ್ಲಿ ಹೇಳಿದರಂತೆ. ಬಿಲ್ಲಿನಲ್ಲೂ ‘ಲಿಪ್ ಕೇರ್’ ಎಂದಷ್ಟೇ ಇತ್ತು. ಅವರ ಪುಟದಿಂದ ಆ ರೀಲ್ ಅಷ್ಟರಲ್ಲಿ ಮಾಯವಾಗಿತ್ತು. ಆಕೆಯ ಮೊಬೈಲಿನಲ್ಲಿದ್ದ ಪ್ರತಿಯನ್ನು ಪೆನ್ ಡ್ರೈವ್‌ಗೆ ಹಾಕಿ ದೂರಿನ ಜೊತೆ ಲಗತ್ತಿಸಿದ್ದಾರೆ.